ಅಕ್ಕಿ ಚೀಲದ ಕೆಳಗೊಂದು ಹಾಡು

ಗಂಗಾವತಿಯಲ್ಲಿ ಹುಟ್ಟಿ, ಗಂಗಾವತಿಯ ಅಕ್ಕಿ ಗಿರಣಿಯಲ್ಲೇ ದುಡಿದು, ದಿನಕ್ಕೆರಡು ಹೊತ್ತು ಬಿಳಿ ಅನ್ನವನ್ನೇ ಉಂಡು, ಅದೇ ಅಕ್ಕಿಯ ಮೇಲೆ ನಲವತ್ತು ವರ್ಷ ಹಗೆ ಸಾಧಿಸಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆತ ನನ್ನ ತಾಯಿಯ ಖಾಸಾ ತಮ್ಮ, ನನ್ನ ಸೋದರಮಾವ!

ಹಗೆಯ ಮೂಲ ಒಂದು ಗ್ರಾಮಾಫೋನ್ ತಟ್ಟೆ. ಮಾಮಾ ಆಗ ಗಿರಣಿಯಲ್ಲಿ ಹೊಸ ಫಿಟ್ಟರ್. ಒಂದು ರವಿವಾರ ಆನೆಗೊಂದಿಯ ಹಾದಿಯಲ್ಲಿ ಯಾರೋ ವಿದೇಶಿ ಪ್ರವಾಸಿಯ ಮೋಟಾರ್‌ಸೈಕಲ್ಲು ಕೆಮ್ಮುತ್ತ ನಿಂತಿತ್ತು. ಮಾಮಾ ಸದ್ದು ಕೇಳಿಯೇ ರೋಗ ಹೇಳಿ, ವಾಸಿ ಮಾಡಿದ. ಆ ಪುಣ್ಯಾತ್ಮ ಖುಷಿಯಾಗಿ ತನ್ನ ಚೀಲದಿಂದ ರಾಕ್ ಸಂಗೀತದ ಒಂದು ತಟ್ಟೆ ತೆಗೆದು ಕೊಟ್ಟ. ಅದರ ಹೊದಿಕೆಯ ಮೇಲೆ ಒಬ್ಬ ಗಡ್ಡದವ ಗಿಟಾರನ್ನು ತಬ್ಬಿಕೊಂಡು ಪ್ರಪಂಚದ ಮೇಲೆ ಮುನಿಸಿಕೊಂಡಂತೆ ಕೂತಿದ್ದ. ತನ್ನ ವಾದ್ಯತಂಡದಿಂದ ಹೊರಬಂದು ಆತ ಒಬ್ಬನೇ ಮಾಡಿದ ಆಲ್ಬಮ್ ಅದು. ಬಲ್ಲವರೆಲ್ಲ ಹೊಗಳಿದ್ದರಂತೆ. ನಮ್ಮ ಮನೆಯಲ್ಲಿ ಆತನಿಗೆ ಇಂದಿಗೂ 'ಗಡ್ಡದವ' ಎಂದೇ ಹೆಸರು.

ತಟ್ಟೆಯೇನೋ ಬಂತು, ಅದನ್ನು ಹಾಡಿಸುವ ಯಂತ್ರ ಎಲ್ಲಿಂದ ಬರಬೇಕು? ಎರಡು ವರ್ಷ ಮಾಮಾ ಗಡ್ಡವನ್ನೇ ನೋಡಿ ತೃಪ್ತಿಪಟ್ಟ. ಅಷ್ಟರಲ್ಲಿ ಆತನ ಮದುವೆ ಗೊತ್ತಾಯಿತು. ಕುಷ್ಟಗಿಯಿಂದ ಮೈಕ್‌ಸೆಟ್ಟಿನವನು ಬಂದ, ಜೊತೆಗೆ ಆತನ ಪ್ಲೇಯರ್. ಮದುಮಗನ ಷರತ್ತು ಒಂದೇ: ಮುಹೂರ್ತಕ್ಕೆ ಮೊದಲು ಗಡ್ಡದವನು ಪೂರ್ತಿ ಹಾಡಬೇಕು. ಹಾಡಿದ! ಹಂದರದ ಪಕ್ಕ ಕಟ್ಟಿದ್ದ ಎತ್ತು ಹಗ್ಗ ಹರಿದುಕೊಂಡು ಹೋಯಿತು, ಬೀಗರಲ್ಲಿ ಇಬ್ಬರು ಹಿರಿಯರು ಕಿವಿ ಮುಚ್ಚಿಕೊಂಡೇ ಉಪ್ಪಿಟ್ಟು ತಿಂದರು. ಕೊನೆಯ ಹಾಡು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಮದುವೆ ಮಾಡಿಸುವ ಅಯ್ಯನವರು "ಮುಹೂರ್ತ ಮೀರತೈತಿ, ಲಗೂ ಬರ್ರಿ" ಎಂದು ಅವಸರಿಸಿದರು. ಸಾವಧಾನ ಎಂದಿದ್ದೇ ತಡ, ಅಕ್ಷತೆಯ ಮಳೆ! ಒಂದು ಹಿಡಿ ಅಕ್ಕಿ ನೇರವಾಗಿ ತಿರುಗುವ ತಟ್ಟೆಯ ಮೇಲೆ ಬಿತ್ತು. ಮೈಕ್‌ಸೆಟ್ಟಿನವನು ಗಾಬರಿಯಾಗಿ, ಪ್ಲೇಯರಿನ ಮುಳ್ಳು ಎತ್ತದೆಯೇ, ಹೆಗಲ ಟವೆಲಿನಿಂದ ಅಕ್ಕಿ ಜಾಡಿಸಿಬಿಟ್ಟ. ಕರ್‍ರ್ ಎಂದು ಗೀರು!

ನಾನಾಗ ಚಡ್ಡಿ ಹಾಕುವ ವಯಸ್ಸಿನವ. ನಾನೂ ಒಂದು ಹಿಡಿ ಎಸೆದಿದ್ದೆ. ಅದು ಎಲ್ಲಿ ಬಿತ್ತು ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅಂದಿನಿಂದ ಕೊನೆಯ ಹಾಡು ನಡುವೆಯೇ ಸಿಕ್ಕಿಕೊಂಡಿತು. ಗಡ್ಡದವನು ಒಂದೇ ಅರ್ಧ ಮಾತನ್ನು ಬಿಕ್ಕಳಿಕೆಯಂತೆ ಆಡುತ್ತ ನಿಲ್ಲುತ್ತಿದ್ದ. ಮುಂದೆ ಮಾಮಾ ಆ ಪ್ಲೇಯರನ್ನೇ ಮನೆಗೆ ತಂದ. ಪ್ರತಿ ರವಿವಾರ ಕಣ್ಣು ಮುಚ್ಚಿ ಕೇಳುವ. ಆ ಬಿಕ್ಕಳಿಕೆ ಬಂದ ಕೂಡಲೆ ಅಡಿಗೆಮನೆಯಿಂದ ಅತ್ತಿ, ಅಂದರೆ ಆತನ ಧರ್ಮಪತ್ನಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮುಳ್ಳು ಎತ್ತುವಳು. ನಲವತ್ತು ವರ್ಷ! ಹಾಡಿನ ತುದಿ ಮಾಮಾ ಕೇಳಲೇ ಇಲ್ಲ.

"ಮೊಬೈಲ್‌ನಾಗ ಐತಿ ಮಾಮಾ, ಈಗ ಕೇಳಸ್ತೀನಿ" ಎಂದು ನಾನು ಒಮ್ಮೆ ಅಂದು ಬೈಸಿಕೊಂಡಿದ್ದೇನೆ.

"ಹೋಳಿಗಿ ಫೋಟೋ ನೋಡಿ ಕೈ ತೊಳಕೊಳ್ಳೋ ಪೈಕಿ ಅಲ್ಲಪ್ಪ ನಾ!"

ಹೀಗೇ ನಡೆದಿತ್ತು, ಕಿವಿಗಳು ಕೈಕೊಡುವವರೆಗೆ. ಗಿರಣಿಯ ಗದ್ದಲ ಒಂದು ಕಡೆಯಿಂದ, ಗಡ್ಡದವನು ಇನ್ನೊಂದು ಕಡೆಯಿಂದ ತಿಂದು ಮುಗಿಸಿದ್ದರು. ಕೊಪ್ಪಳದ ಡಾಕ್ಟರರು ಪರೀಕ್ಷೆ ಮಾಡಿ ನನಗೇ ಹೇಳಿದರು: "ಬಲಗಿವಿ ಮುಗದೈತ್ರಿ. ಎಡಗಿವಿ ಮುಗಿಯಾಕ ಹತ್ತೈತಿ. ಮಷಿನ್ ಹಚ್ಚಿದ್ರ ಮಾತು ತಿಳೀತಾವ, ಸಂಗೀತದ ಆಸೆ ಬ್ಯಾಡ."

ಮಾಮಾನಿಗೆ ನಾನು ಕಿವಿಯ ಹತ್ತಿರ ಒದರಿ ಹೇಳಿದೆ. ಆತ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನ?"

"ಗೊತ್ತಿಲ್ಲಂತ."

ಅದೇ ವಾರ ನಾನು ಸುದ್ದಿ ಓದಿದೆ. ಗಡ್ಡದವನ ಆ ಆಲ್ಬಮ್ ಡೀಲಕ್ಸ್ ಆವೃತ್ತಿಯಾಗಿ ಮತ್ತೆ ಬಂದಿದೆ! ದಪ್ಪ ಪೆಟ್ಟಿಗೆ, ಎರಡು ತಟ್ಟೆ, ಚಿತ್ರಗಳ ಪುಸ್ತಕ. ಮೊದಲ ತಟ್ಟೆಯಲ್ಲಿ ಹಳೆಯ ಹಾಡುಗಳೇ, ತೊಳೆದು ಹೊಳಪು ಕೊಟ್ಟವು. ಎರಡನೆಯದರಲ್ಲಿ ತಾಲೀಮು, ತಪ್ಪು, ಕೆಮ್ಮು.

"ಕೆಟ್ಟ ಅಡಗಿನೂ ಡಬ್ಬಿಗೆ ಹಾಕಿ ಮಾರ್ತಾರೇನು?" ಅತ್ತಿಯ ಆಶ್ಚರ್ಯ. "ಮೊದಲ ಅಂವ ಮನಿ ಒಡದು ಬ್ಯಾರೆ ಒಲಿ ಹೂಡಿದವ. ಅಂಥವನ ಹಳಸಲು ಬ್ಯಾರೆ!"

"ಬ್ಯಾರೆ ಒಲಿ ಹೂಡಿದ್ದಕ್ಕ ರುಚಿ ಬಂದೈತಿ ಅದು," ಎಂದ ಮಾಮಾ.

ಆರ್ಡರ್ ಮಾಡಿದೆ. ಆಮೇಲೆ ಶುರುವಾಯಿತು ನೋಡಿ ಪಂದ್ಯ, ಪಾರ್ಸಲ್ಲಿಗೂ ಎಡಗಿವಿಗೂ!

ಕಿವಿಯ ಲೆಕ್ಕಕ್ಕೆ ಮಾಮಾ ಗಿರಣಿ ಪದ್ಧತಿಯಲ್ಲೇ ಒಂದು ಪರೀಕ್ಷೆ ಮಾಡಿಕೊಂಡಿದ್ದ. ಬೆಳಿಗ್ಗೆ ಅತ್ತಿ ಸ್ಟೀಲಿನ ಲೋಟವನ್ನು ಚಮಚೆಯಿಂದ ಮೂರು ಸಲ ಬಡಿಯಬೇಕು. ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕೂತ ಮಾಮಾ ಕೇಳಿಸಿದರೆ "ಹ್ಞೂಂ" ಅನ್ನಬೇಕು. ಮೊದಲ ವಾರ ಅತ್ತಿ ಒಲೆಯ ಮುಂದೆಯೇ ನಿಂತು ಬಡಿದಳು: ಹ್ಞೂಂ. ಎರಡನೇ ವಾರ ಹೊಸ್ತಿಲಿಗೆ ಬಂದು ಬಡಿಯಬೇಕಾಯಿತು. ಮೂರನೇ ವಾರ ಪಡಸಾಲೆಯ ಕಂಬದ ಹತ್ತಿರ. ಪಾರ್ಸಲ್ಲು? ಲಂಡನ್ನಿನಿಂದ ಮುಂಬಯಿಗೆ ಮೂರು ದಿನದಲ್ಲಿ ಹಾರಿ ಬಂದಿದ್ದು, ಕೊಪ್ಪಳ ಮುಟ್ಟಿದ ಮೇಲೆ ಯಲಬುರ್ಗಾ ನೋಡಿ, ಕುಷ್ಟಗಿಯಲ್ಲಿ ವಸ್ತಿ ಮಾಡಿ, ತೀರ್ಥಯಾತ್ರೆಗೆ ಹೊರಟ ಮುದುಕಿಯಂತೆ ಸಾವಕಾಶವಾಗಿ ಬರುತ್ತಿತ್ತು. ನಾನು ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ನನ್ನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅದರ ಪಯಣ ನೋಡಿ ನೋಡಿ ರಕ್ತದೊತ್ತಡ ಏರಿಸಿಕೊಂಡೆ.

ಬಂತು. ಯಾವಾಗ ಬಂತು? ಬೇಸಿಗೆಯ ಒಂದು ಶನಿವಾರ, ನಾನು ಮಾಮಾನನ್ನು ಮತ್ತೆ ಡಾಕ್ಟರರಿಗೆ ತೋರಿಸಲು ಕೊಪ್ಪಳಕ್ಕೆ ಕರೆತಂದಿದ್ದ ಹೊತ್ತಿಗೆ! ಸಂಜೆ ಮುಂದೆ ಗಂಗಾವತಿಗೆ ಮರಳಿದರೆ ಪೆಟ್ಟಿಗೆ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತಿದೆ.

"ಒಳಗ್ಯಾಕ ಇಟ್ಟಿಲ್ಲ?" ಮಾಮಾ ಕೇಳಿದ.

"ಶನಿವಾರ ಕರೀ ವಸ್ತು ಹೊಸ್ತಿಲು ದಾಟಸ್ತಾರೇನ್ರಿ? ಒಳಗಿರೋದು ಕರೀದು ಅಂತ ನನಗ ಗೊತ್ತಿಲ್ಲೇನು? ನಾಳೆ ತಗೊಂಡ್ರಾತು ಅಂತ ಬೇವಿನ ಗಿಡದ ನೆಳ್ಳಾಗ ಇಟ್ಟೀನಿ."

ನೆರಳಿನಲ್ಲಿಯೇ ಇಟ್ಟಿದ್ದಳು, ಪಾಪ. ಆದರೆ ಬೆಳಗಿನ ಹನ್ನೊಂದಕ್ಕಿದ್ದ ನೆರಳು ಸಂಜೆಯವರೆಗೆ ಅಲ್ಲೇ ಇರಬೇಕೆಂದು ಬೇವಿನ ಗಿಡಕ್ಕೆ ಯಾರು ಹೇಳಬೇಕು? ಗಂಗಾವತಿಯ ಬಿಸಿಲು ಪೆಟ್ಟಿಗೆಯ ಮೇಲೆ ನಾಲ್ಕು ತಾಸು ಕೂತು ಎದ್ದು ಹೋಗಿತ್ತು. ತೆರೆದರೆ ಮೇಲಿನ ತಟ್ಟೆ ಅಕ್ಕಿ ಹಪ್ಪಳದಂತೆ ಸೊಟ್ಟಗಾಗಿದೆ! ಕೆಳಗಿದ್ದ ಎರಡನೆಯ ತಟ್ಟೆ, ಆ ತಾಲೀಮಿನದು, ಕೆಮ್ಮಿನದು, ಕಲ್ಲುಚಪ್ಪಡಿಯಂತೆ ನೆಟ್ಟಗಿತ್ತು.

ಮಾಮಾ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ತಟ್ಟೆಯ ಮೇಲೆ ಅಂಗೈ ಇಟ್ಟು, ಗಿರಣಿಯ ಬೇರಿಂಗು ನೋಡುವಂತೆ, ಸೊಟ್ಟ ಎಲ್ಲಿ ಎಷ್ಟಿದೆ ಎಂದು ತಡವಿ ನೋಡಿದ. ಅತ್ತಿ ಗೋಡೆಗೆ ಅಂಟಿ ನಿಂತಿದ್ದಳು. ಹೊಸದು ತರಿಸಬೇಕೆಂದರೆ ಇನ್ನೊಂದು ತೀರ್ಥಯಾತ್ರೆ. ಆ ಬೆಳಿಗ್ಗೆ ಲೋಟ ಬಡಿದದ್ದು ಮಾಮಾನ ಕುರ್ಚಿಯ ಮೂರು ಹೆಜ್ಜೆ ಹಿಂದೆ.

"ಎರಡು ಗಾಜು ಬೇಕು," ಅಂದ ಮಾಮಾ. "ತಟ್ಟಿಗಿಂತ ದೊಡ್ಡವು. ಬಗ್ಗಿಸಿದ ಬಿಸಿಲಿನ ಕಡಿಂದಾನ ನೆಟ್ಟಗ ಮಾಡಸ್ತೀನಿ."

ಎಲ್ಲಿಂದ ತರುವುದು? ಅತ್ತಿ ಒಳಗೆ ಹೋದಳು. ಗೋಡೆಯ ಮೇಲಿನ ತಮ್ಮ ಮದುವೆಯ ದೊಡ್ಡ ಫೋಟೋ ಇಳಿಸಿ ಗಾಜು ಬಿಚ್ಚಿದಳು. ಇನ್ನೊಂದಕ್ಕೆ ದೇವರ ಪಟಕ್ಕೇ ಕೈ ಹಾಕಿದಳು! ಶನಿವಾರ ಕರೀ ವಸ್ತುವನ್ನು ಹೊಸ್ತಿಲು ದಾಟಿಸದ ಅದೇ ಹೆಂಗಸು.

ನಾನು ಭಾಗ್ಯನಗರಕ್ಕೆ ಮರಳದೆ ಅಲ್ಲೇ ಉಳಿದೆ. ಮರುದಿನ ಎರಡು ಗಾಜಿನ ನಡುವೆ ತಟ್ಟೆ, ಗಾಜಿನ ಮೇಲೆ ಹಲಗೆ, ಹಲಗೆಯ ಮೇಲೆ ಇಪ್ಪತ್ತೈದು ಕಿಲೋ ಸೋನಾಮಸೂರಿಯ ಎರಡು ಚೀಲ. ಅದೇ ಕಟ್ಟೆ, ಅದೇ ಬಿಸಿಲು. ಸ್ವಲ್ಪ ಹೊತ್ತು ಬಿಸಿಲಿಗೆ, ಆಮೇಲೆ ಅತ್ತಿಯ ಕೊಡೆಯ ನೆರಳಿಗೆ, ಮತ್ತೆ ಬಿಸಿಲಿಗೆ. ಹೋಗಿಬರುವವರು ನಿಂತು ನೋಡಿದರು.

"ಅಕ್ಕಿಗೆ ಕೊಡಿ ಹಿಡದೀರಲ್ರಿ, ಏನ್ ವಿಶೇಷ?"

"ಅಕ್ಕಿಗಲ್ಲ, ಗಡ್ಡದವಗ," ಎಂದಳು ಅತ್ತಿ, ಮುಖ ಎತ್ತದೆ.

ಎರಡನೇ ದಿನ ಅಳುಕುತ್ತ ಕೇಳಿದಳು: "ಭಾರ ಸಾಲದಿದ್ರ ನಾನೂ ಮ್ಯಾಲೆ ಕುಂದರಲೇನ್ರಿ?"

ಮಾಮಾ ಎಡಗಿವಿ ಹತ್ತಿರ ತಂದು, ಇನ್ನೊಮ್ಮೆ ಹೇಳಿಸಿಕೊಂಡು, ಚೀಲಗಳನ್ನೊಮ್ಮೆ ಅವಳನ್ನೊಮ್ಮೆ ನೋಡಿದ. "ಬ್ಯಾಡ. ತಟ್ಟಿ ನೆಟ್ಟಗಾಗೂದಿಲ್ಲ, ಹಿಟ್ಟಾಗತೈತಿ."

ಅತ್ತಿ ನಕ್ಕಳು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕ್ಕಿ ಕೆಡಿಸಿದ್ದನ್ನ ಅಕ್ಕಿನ ಸುದ್ದ ಮಾಡಲಿ ಬಿಡ್ರಿ," ಅಂದಳು. ಮಾಮಾ ಚೀಲದ ಮೇಲೆ ಮೆಲ್ಲಗೆ ಒಂದು ಏಟು ಹಾಕಿದ. ನಲವತ್ತು ವರ್ಷದ ಹಗೆಯ ರಾಜಿ ಪಂಚಾಯತಿ ಅಷ್ಟರಲ್ಲಿ ಮುಗಿಯಿತು.

ನಾಲ್ಕನೇ ದಿನ ಮುಂಜಾನೆ ಲೋಟ ಬಡಿದದ್ದು ಕುರ್ಚಿಯ ಬೆನ್ನಿಗೇ. "ಹ್ಞೂಂ" ತಡವಾಗಿ ಬಂತು. ಮೂರು ಸಲ ಬಡಿದದ್ದಕ್ಕೆ ಒಂದೇ ಹ್ಞೂಂ ಅನ್ನುವುದು ರೂಢಿ. ಅವತ್ತಿನದು ಮೂರನೆಯ ಏಟಿಗೆ ಬಂದಿದ್ದೋ, ಅಂದಾಜಿನಿಂದ ಬಂದಿದ್ದೋ ಎಂದು ಅತ್ತಿ ನನ್ನ ಮುಖ ನೋಡಿದಳು.

ತಟ್ಟೆ ತೆಗೆದೆವು. ಪೂರ್ತಿ ಚಪ್ಪಟೆಯಲ್ಲ, ಸಣ್ಣ ಅಲೆ ಉಳಿದಿತ್ತು. ಮುಳ್ಳು ದೋಣಿಯಂತೆ ಏಳುತ್ತ ಬೀಳುತ್ತ ನಡೆಯಿತು, ಆದರೆ ನಡೆಯಿತು! ಮಾಮಾ ಎಡಗಿವಿಯನ್ನು ಸ್ಪೀಕರಿಗೆ ಒತ್ತಿ, ಕಣ್ಣು ಮುಚ್ಚಿದ. ಓಣಿಯೆಲ್ಲ ನಡುಗುವಷ್ಟು ಸದ್ದು. ಹಾಡಿನ ಮೇಲೆ ಹಾಡು ದಾಟಿ ಕೊನೆಯದು ಬಂತು. ಆ ಜಾಗ ಬಂತು. ಅತ್ತಿಯ ಕೈ ತಾನಾಗಿಯೇ ಮುಳ್ಳಿನತ್ತ ಚಾಚಿತು.

ಬಿಕ್ಕಳಿಕೆ ಬರಲಿಲ್ಲ. ಹಾಡು ಮುಂದೆ ಹೋಯಿತು.

ಮುಂದೆ ಏನಿತ್ತು ಗೊತ್ತೇ? ಅಬ್ಬರ ಏನೂ ಇಲ್ಲ. ಡ್ರಮ್ಮು ನಿಂತು, ಗಡ್ಡದವನು ಸುಮ್ಮನಾಗಿ, ಒಂದೇ ಒಂದು ಗಿಟಾರು ಬಹಳ ಮೆಲ್ಲಗೆ, ಮಗು ಮಲಗಿದ ಮನೆಯಲ್ಲಿ ನಡೆಯುವವರಂತೆ. ಮಾಮಾ ಕಣ್ಣು ತೆರೆದ. ಸ್ಪೀಕರಿಗೆ ಕಿವಿ ಇನ್ನಷ್ಟು ಒತ್ತಿದ. ನಮ್ಮಿಬ್ಬರ ಮುಖ ನೋಡಿದ.

"ಮುಗೀತೇನು?"

ಅತ್ತಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಾಮಾನ ಅಂಗೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಗಿಟಾರು ನಡೆದ ಹಾಗೆ ಅದರ ಮೇಲೆ ಬೆರಳಿನಿಂದ ತಟ್ಟತೊಡಗಿದಳು. ಈ ಸಂಗೀತಕ್ಕೆ ಡಬ್ಬಿ ಬಡದಂಗ ಎಂದು ಜನ್ಮವಿಡೀ ಹಂಗಿಸಿದವಳು, ಒಂದು ತಾಳ ತಪ್ಪಲಿಲ್ಲ. ಮಾಮಾ ಮತ್ತೆ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಕೇಳಿದ: "ಇನ್ನೂ ಐತೇನು?"

ಅತ್ತಿ ಆತನ ಎಡಗಿವಿಗೆ ಬಾಯಿ ಹಚ್ಚಿ ಹೇಳಿದಳು: "ಇನ್ನೂ ಭಾಳ ಐತಿ. ಸುಮ್ಮ ಕೂಡ್ರಿ."

ಬೆರಳು ತಟ್ಟುತ್ತಲೇ ಇತ್ತು. ನಾನು ಪ್ಲೇಯರಿನತ್ತ ನೋಡಿದೆ. ಹಾಡು ಮುಗಿದು ತಟ್ಟೆ ಬರಿದೇ ತಿರುಗುತ್ತಿತ್ತು. ಮುಳ್ಳು ಎತ್ತುವುದು ಆ ಮನೆಯಲ್ಲಿ ಅತ್ತಿಯ ಕೆಲಸ. ನಾನು ಕೈ ಹಾಕಲಿಲ್ಲ.