ಎರಡು ಹೆಸರಿಗೆ ಒಂದೇ ಓ

ಮೈಲೂರಿನ ನಮ್ಮ ಮನ್ಯಾಗ ಮೂರ್ನಾಕು ತಿಂಗಳಿಗೊಮ್ಮೆ ಒಂದು ಗಡಬಡ ಇದ್ದದ್ದೇರಿ. ಅಮಾಸಿ ಬೇಕಾದ್ರ ತಪ್ಪೀತು, ಇದು ತಪ್ಪಂಗಿಲ್ಲ.

೧. ನಡುವಿನಾಕಿ

ಭೂಮಿಯೊಳಗಿನ ನೀರಿನ ಲೆಕ್ಕ ಮಾಡೋ ಒಂದು ಸಾಫ್ಟ್‌ವೇರ್ ಅದ. ಅದನ್ನ ಬರೆಯೋರು ಎಲ್ಲೋ ದೂರದವರು. ಅವರದು ಕಂಪ್ಯೂಟರಿನ ಒಂದು ಭಾಷಾ, ಬಳಸೋರದು ಮತ್ತೊಂದು. ಇವರ ಮಾತು ಅವರಿಗೆ ಮುಟ್ಟಿಸೋ ನಡುವಿನ ಪ್ರೋಗ್ರಾಮು ನನ್ನ ಮೊಮ್ಮಗಳದು. ದೂರದವರು ಹೊಸದು ಬಿಟ್ಟಾಗೊಮ್ಮೆ ಇಕಿ ತನ್ನದನ್ನೂ ತಿದ್ದಬೇಕು.

"ಇಷ್ಟೇ ಏನು? ನಾನೂ ಮಾಡೀನಿ" ಅಂದೆ.

ಬರ ಬಿದ್ದ ವರ್ಷ ನಾವು ಹೆಣ್ಮಕ್ಕಳು ಗುಳೇ ಹೋಗಿ ಹೈದರಾಬಾದ್ ಕಡಿ ರಸ್ತಾ ಕೆಲಸಕ್ಕ ನಿಂತಿದ್ವಿ. ಮೇಸ್ತ್ರಿಗೆ ತೆಲುಗು ಒಂದೇ ಬರ್ತಿತ್ತು, ನಮ್ಮವರಿಗೆ ಅದೊಂದೇ ಬರ್ತಿರಲಿಲ್ಲ. ನಡುವ ನಾನು. ಒಂದಿನ ಉರಿಬಿಸಲಾಗ ಆತ ಕೈ ಬೀಸಿ ಬೀಸಿ ಒದರಿದ.

"ಏನಂತಾನ?" ಅಂದ್ರು.

"ಕುಂತು ನೀರು ಕುಡೀರಿ ಅಂತಾನ."

ಎಲ್ಲಾರೂ ಬುಟ್ಟಿ ಇಳಿಸಿ ಕುಂತ್ರು. ಮೇಸ್ತ್ರಿ ತಲಿ ಬಡಕೊಂಡು ಕುಣದಾಡಿದ.

"ಈಗೇನಂತಾನ?"

"ರೊಟ್ಟಿನೂ ಬಿಚ್ಚರಿ ಅಂತಾನ."

ಮೊಮ್ಮಗಳು ಹೊಟ್ಟಿ ಹಿಡಕೊಂಡು ನಕ್ಕಳು. "ಆಯಿ, ಅದಕ್ಕೇ ನಾವು ಪ್ರತಿ ಸಲ ಪರೀಕ್ಷಾ ಮಾಡಿ ನೋಡ್ತೀವಿ, ನಡುವಿನಾಕಿ ನಿನ್ನಂಗ ಅದಾಳೇನಂತ!"

೨. ಭಾಲ್ಕಿ ಮಾಸ್ತರ್ರು

ಹೋದ ಬ್ಯಾಸಗ್ಯಾಗ ಬಾವಿ ತಳ ಕಾಣ್ತಿದ್ವು. ಔರಾದ ಕಡಿ ಯಾವ ಹಳ್ಳಿ ನೀರು ಮೊದಲು ಮುಗೀತದಂತ ಭಾಲ್ಕಿಯ ಒಬ್ಬ ಮಾಸ್ತರ್ರು ಇದೇ ಸಾಫ್ಟ್‌ವೇರ್ ಹಚ್ಚಿ ಲೆಕ್ಕ ಹಾಕ್ತಿದ್ರು. ಅವರ ಪಟ್ಟಿ ನೋಡಿ ಟ್ಯಾಂಕರ್ ಹೋಗ್ತಿತ್ತು.

ಒಂದಿನ ಮಧ್ಯಾಹ್ನ ಅವರ ಫೋನು: "ಮೇಡಂ, ನಿಮ್ಮ ಹೊಸದು ಹಾಕಿದೆ, ಎಲ್ಲಾ ಬಂದ್! ಸಂಜಿಗೆ ಪಟ್ಟಿ ಕೊಡದಿದ್ರ ಡಾಬಕಾ ಊರಿಗೆ ನಾಳಿ ನೀರಿಲ್ರಿ!"

ಆಗಿದ್ದಿಷ್ಟೇ. ದೂರದವರು ಒಂದು ಲೆಕ್ಕದ ಹೆಸರು ಬದಲಿಸಿದ್ರು. ಮಾಸ್ತರ್ರು ಅದನ್ನ ಇನ್ನೂರು ಕಡಿ ಹಳೇ ಹೆಸರಲೇ ಕರದಿದ್ರು. ಕರದಾಗೊಮ್ಮೆ ಕಂಪ್ಯೂಟರ್, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಅಂತಿತ್ತು.

"ಅಯ್ಯ, ಇದು ನನ್ನ ಅತ್ತಿ ಹೇಳಿದ ಮಾತೇ!" ಅಂದೆ.

೩. ನನ್ನ ಅತ್ತಿ

ನಾ ತವರಾಗ ಕಾಶೀಬಾಯಿ. ಲಗ್ನದಾಗ ಗಂಡನ ಮನಿಯವರು ಮಹಾದೇವಿ ಅಂತ ಹೆಸರಿಟ್ರು. ಅಣ್ಣ ಮೊದಲ ಸಲ ಬಂದು, "ಕಾಶೀಬಾಯಿ ಅದಾಳೇನ್ರಿ?" ಅಂದ. ಅತ್ತಿ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಅಂತ ಉಂಡಿಗಂಟಿನ ಸಮೇತ ತಿರುಗಿ ಕಳಿಸಿಬಿಟ್ಲು! ನಾ ಹಿಟ್ಟಿನ ಕೈಲೇ ಓಡಿ ಹೋಗಿ ಹಿಡಕೊಂಡೆ. ಮೊದಲು ಗಂಟು, ಆಮ್ಯಾಲ ಅಣ್ಣನ್ನ.

ಅವತ್ತಿಂದ ಎರಡೂ ಹೆಸರಿಗೆ ನಾ ಓ ಅಂತಿದ್ದೆ. ಹಳೇ ಹೆಸರು ಕೇಳಿದಾಗೊಮ್ಮೆ ಅತ್ತಿ ಮಾತ್ರ, "ಆಕಿ ಹೆಸರು ಬದಲಾಗ್ಯಾದ, ಎಷ್ಟು ಸಲ ಹೇಳ್ಬೇಕು?" ಅಂತ ಬೈದೇ ನನ್ನ ಕರೀತಿದ್ಲು.

ಮೊಮ್ಮಗಳು ಕುರ್ಚಿ ಎಳಕೊಂಡು ಕುಂತು ತನ್ನ ಪ್ರೋಗ್ರಾಮಿನಾಗ ಥೇಟ್ ಹಂಗೇ ಬರದ್ಲು. ಹಳೇ ಹೆಸರು ಕರದ್ರ ಹೊಸದು ಓ ಅನ್ನಬೇಕು. ಜೊತಿಗೆ ಹೆಸರು ಬದಲಾಗ್ಯಾದ ಅನ್ನೋ ಅತ್ತಿ ಬೈಗುಳಾನೂ ಕಂಪ್ಯೂಟರ್ ಪರದಿ ಮ್ಯಾಲ ಬರಬೇಕು.

ಸಂಜಿಗೆ ಮಾಸ್ತರ್ರ ಫೋನು. ನಾನೂ ಫೋನಿಗೆ ಕಿವಿ ಹಚ್ಚಿದೆ.

"ಪಟ್ಟಿ ಹೋತ್ರಿ! ನಾಳಿ ಡಾಬಕಾಕ್ಕೇ ಮೊದಲ ಟ್ಯಾಂಕರ್!" ಅಂದ್ರು. ಆಮ್ಯಾಲ ದನಿ ಇಳಿಸಿ, "ಖರೇ ಮೇಡಂ, ಒಳಗ ಯಾರದೋ ಅತ್ತೀನ ಕೂಡಿಸೀರೇನ್ರಿ? ಇನ್ನೂರು ಸಲ ಬೈದ್ರು, ಇನ್ನೂರು ಸಲನೂ ಲೆಕ್ಕ ಕೊಟ್ರು!"