ಭಾವನ ಬಿಡುಗೈ ಗ್ಲೌಸು

"ವಾರಿಜಾ, ಇನ್ಮೇಲೆ ನೀನು ಗಂಟಲು ಹರ್ಕೊಳ್ಳೋದೇ ಬೇಡ!" ಎನ್ನುತ್ತ ಭಾವ ಬೆಳಿಗ್ಗೆ ಬೆಳಿಗ್ಗೆಯೇ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಬಂದಾಗಲೇ ನನಗೆ ಸಿಟ್ಟು ಬಂತು. ಅಕ್ಕನ ಗಂಡ, ಹಿರಿಯರು, ಬೈಯುವ ಹಾಗಿಲ್ಲ. ಅವರ ಚಪಾತಿ ಯಂತ್ರ ಒಡೆದ ಕಿಟಕಿಗೆ ಅಕ್ಕ ಇನ್ನೂ ಗಾಜು ಹಾಕಿಸಿಲ್ಲ.

ಈ ಸಲ ತಂದದ್ದು ತಂತಿ ಸುತ್ತಿದ ಒಂದು ಜೊತೆ ಗ್ಲೌಸು. ಹೆಸರು 'ಬಿಡುಗೈ'!

ಮಂಡ್ಯದ ಹುಡುಗಿಯರಿಗೆ ನಾನು ಚೆಂಡು ಹಾಕಲು ಕಲಿಸುವುದು ಹೀಗೆ: ಮೊಣಕಾಲು ಬಗ್ಗಿಸು, ಮೊಣಕೈ ಒಳಗೆ, ಹಾರು, "ಬಿಡು!" ಉಜ್ವಲಾ ಮಾತ್ರ ಬಿಡುವಾಗ ಯಾವಾಗಲೂ ತಡ. ಶನಿವಾರ ಜಿಲ್ಲಾ ತಂಡದ ಆಯ್ಕೆ. ಈ ಸಲವೂ ತಪ್ಪಿದರೆ ಆಟ ನಿಲ್ಲಿಸಿಬಿಡುತ್ತೇನೆಂದು ಅವಳ ಅಪ್ಪ ಹೇಳಿಯಾಗಿತ್ತು.

'ಬಿಡು' ಎಂದು ಕೇಳಿಸಿದ ಕೂಡಲೇ ಗ್ಲೌಸು ಬೆರಳು ಬಿಚ್ಚಿ ಕೈಯನ್ನು ಚಿಮ್ಮಿಸುತ್ತದಂತೆ. ಉಜ್ವಲಾ ತೊಟ್ಟಳು, ನಾನು "ಬಿಡು!" ಅಂದೆ. ಚೆಂಡು ನೇರವಾಗಿ ರಿಂಗಿನೊಳಗೆ ಇಳಿಯಿತು.

"ನೋಡಿದ್ಯಾ? ಇನ್ಮೇಲೆ ನನ್ನ ಯಂತ್ರಗಳನ್ನ ಆಡ್ಕೊಳ್ಳೋದು ಬಿಡು!" ಎಂದರು ಭಾವ. ಉಜ್ವಲಾ ಕೈಯಲ್ಲಿದ್ದ ಇನ್ನೊಂದು ಚೆಂಡು ಬಂದು ಅವರ ಮೂಗಿಗೇ ಬಡಿಯಿತು.

"ಶನಿವಾರ ಇದನ್ನ ತಂದ್ರೆ ನಾನು ಸುಮ್ನಿರಲ್ಲ ಭಾವ!"

"ಆಯ್ತು ಬಿಡಮ್ಮ" ಅಂದರು. ಅವರು ಹಾಗಂದರೆ ಮಾಡಿಯೇ ತೀರುತ್ತಾರೆಂದು ನನಗೆ ಹೊಳೆಯಬೇಕಿತ್ತು.

ಶನಿವಾರ ನಾನು ಹೆಸರು ಬರೆಸಿ ಬರುವಷ್ಟರಲ್ಲಿ ಉಜ್ವಲಾ ಕೈಗೆ ಗ್ಲೌಸು ಏರಿತ್ತು! ತೆಗೆಯಲು ಹೋದರೆ ಕೊಕ್ಕೆ ಸಿಕ್ಕಿಹಾಕಿಕೊಂಡಿದೆ. "ಈಗ ಯಾರು ಹೇಗೆ ಹೇಳಿದ್ರೂ ಕೇಳುತ್ತೆ! ಬಿಡಿ, ಬಿಡೇ, ಬಿಡ್ರೀ, ಎಲ್ಲಾ ಅರ್ಥ ಆಗುತ್ತೆ!" ಎಂದರು ಭಾವ ಹೆಮ್ಮೆಯಿಂದ. ನನ್ನ ಮೈ ಉರಿದುಹೋಯಿತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

"ಹೆದರ್ಬೇಡ ಬಿಡೇ!" ಎಂದಳು ಗೆಳತಿ. ಚೆಂಡು ಹಾರಿ ಆಯ್ಕೆಗಾರ ನಂಜುಂಡಯ್ಯನವರ ಟೀ ಲೋಟ ಉರುಳಿಸಿತು.

"ಹೋಗ್ಲಿ ಬಿಡಮ್ಮ, ಇನ್ನೊಂದು ಹಾಕು" ಎಂದರು ಆ ಪುಣ್ಯಾತ್ಮ. ಅವಳು ಆಗಷ್ಟೇ ಎತ್ತಿಕೊಂಡಿದ್ದ ಚೆಂಡು ಮರದ ಮೇಲೆ!

"ಯಾರೂ ಬಿಡು ಅನ್ಬೇಡ್ರೀ!" ಎಂದು ನಾನೇ ಕಿರುಚಿದೆ. ಮತ್ತೊಂದು ಕಾಂಪೌಂಡಿನಾಚೆ. ಉಜ್ವಲಾ ಅಳತೊಡಗಿದಳು. "ಅಳೋದು ಬಿಡು ಮಗು" ಎಂದು ಭಾವ ಸಮಾಧಾನ ಹೇಳಿದರು. ಅವಳ ಪಾಲಿನ ಕೊನೆಯ ಚೆಂಡೂ ಹೋಯಿತು.

"ಗ್ಲೌಸ್ ಹಾಕ್ಸಿದ್ದು ನಿಮ್ಮ ಕಡೆಯೋರ ತಪ್ಪು ಮೇಡಂ. ಮುಂದಿನ ವರ್ಷ ನೋಡೋಣ" ಎಂದರು ನಂಜುಂಡಯ್ಯ.

ಮುಂದಿನ ವರ್ಷವಂತೆ! ಮುಂದಿನ ವರ್ಷ ಈ ಹುಡುಗಿ ಅಂಕಣಕ್ಕೇ ಬರುವುದಿಲ್ಲ. ಕೊಕ್ಕೆ ಮುರಿದು ಗ್ಲೌಸು ಕಿತ್ತು, ಹಿರಿಯರೆಂದೂ ನೋಡದೆ ಭಾವನ ಮುಖಕ್ಕೆ ಎಸೆದೆ.

"ತಪ್ಪು ಯಂತ್ರದ್ದು ಸಾರ್, ಮಗೂದಲ್ಲ. ಇದು ತಾನಾಗೇ ಹೇಗೆ ಬೆರಳು ಬಿಚ್ಚುತ್ತೆ ಅಂತ ಬೇಕಾದ್ರೆ ನೀವೇ ನೋಡಿ" ಎನ್ನುತ್ತ ಭಾವ ತಾವೇ ಅದನ್ನು ತೊಟ್ಟು ನಂಜುಂಡಯ್ಯನವರ ಬಲಗೈ ಹಿಡಿದುಕೊಂಡರು.

"ಇವಳಿಗೆ ಇನ್ನೊಂದು ಅವಕಾಶ ಕೊಡೋ ತನಕ ನಾನು ಬಿಡಲ್ಲ!" ಎಂದು ಗುಡುಗಿದೆ.

ಪಾಪದ ಗ್ಲೌಸು 'ಬಿಡಲ್ಲ' ಎಂಬ ಮಾತನ್ನು ಅದುವರೆಗೆ ಕೇಳಿರಲಿಲ್ಲ. ಕಟಕ್ಕನೆ ಬಿಗಿಯಿತು.

"ಅಯ್ಯಯ್ಯೋ, ಬಿಡ್ರೀ!" ಎಂದು ನಂಜುಂಡಯ್ಯ ಕೂಗಿಕೊಂಡರು. "ಬಿಡು, ಬಿಡಪ್ಪಾ, ಬಿಡು ತಾಯೀ!" ಎಂದು ಭಾವ ಗ್ಲೌಸನ್ನೇ ಬೇಡಿಕೊಂಡರು. ಅದು ಜಪ್ಪಯ್ಯ ಅನ್ನಲಿಲ್ಲ.

"ಬ್ಯಾಟರಿ ಮುಗಿದ್ರೆ ಸರಿಹೋಗುತ್ತೆ ಸಾರ್."

"ಯಾವಾಗ್ರೀ ಮುಗಿಯೋದು?"

"ತುಂಬಾ ಒಳ್ಳೇ ಬ್ಯಾಟರಿ ಸಾರ್!"

"ಮೇಡಂ, ಏನಾದ್ರೂ ಮಾಡಿ!"

"ಮೊದ್ಲು ಹುಡುಗಿ ಆಡ್ಲಿ. ಕತ್ತರಿ ಆಮೇಲೆ ಹುಡುಕೋಣ" ಎಂದೆ.

ಉಜ್ವಲಾ ಬರಿಗೈಯಲ್ಲಿ ನಿಂತಳು. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಹಲ್ಲು ಕಚ್ಚಿಕೊಂಡೆ. ಅವಳು ಹಾರಿದಳು, ತನಗೆ ಸರಿ ಕಂಡಾಗ ಬಿಟ್ಟಳು. ಚೆಂಡು ಒಳಗೆ! ಮತ್ತೆ ಹಾಕಿದಳು, ಅದೂ ಒಳಗೆ! ನಂಜುಂಡಯ್ಯ ನರಳುತ್ತಲೇ ಎಡಗೈಯಲ್ಲಿ ಅವಳ ಹೆಸರು ಬರೆದುಕೊಂಡರು.

ಕತ್ತರಿ ಬಾಗಿತೇ ಹೊರತು ಗ್ಲೌಸು ಹರಿಯಲಿಲ್ಲ. ಇಬ್ಬರೂ ಕೈ ಕೈ ಹಿಡಿದುಕೊಂಡೇ ಉಳಿದ ಆಯ್ಕೆ ಮುಗಿಸಿ, ಕ್ಯಾಂಟೀನಿನಲ್ಲಿ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದರು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ನಿಮ್ ಭಾವ ಊಟಕ್ಕೆ ಬರಲ್ವೇನೇ?"

"ಇಲ್ಲ ಕಣಕ್ಕಾ" ಅಂದೆ, "ಅವರಿಗೆ ಕೈ ಬಿಡುವಿಲ್ಲ."