ಎಂಬತ್ತೇಳನೇ ಪುಟದ ಊಟ

ಆ ಪುಸ್ತಕವನ್ನು ನಾನು ಮೊದಲು ಕಂಡದ್ದು ೧೯೯೯ರ ಜನವರಿ ಹನ್ನೆರಡು, ಮಂಗಳವಾರ, ಬೆಳಗ್ಗೆ ಹನ್ನೊಂದೂಕಾಲಿಗೆ, ಅರಕಲಗೂಡಿನ ಅಂಚೆ ಕಚೇರಿಯಲ್ಲಿ. ಪೋಸ್ಟ್‌ಮ್ಯಾನ್ ಲಕ್ಕಯ್ಯ ಪಾರ್ಸೆಲನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ಹರಾರೆ ಅಂತ ಬರ್ದವ್ರೆ. ಯಾವ ತಾಲ್ಲೂಕು ಸಾ ಇದು?"

"ತಾಲ್ಲೂಕಲ್ಲ ಲಕ್ಕಯ್ಯ, ಜಿಂಬಾಬ್ವೆಯ ರಾಜಧಾನಿ!"

ಹರಾರೆಯ ಹೋಟೆಲುಗಳ ಕೈಪಿಡಿ ಅದು. ಇನ್ನೂರ ಹದಿನಾಲ್ಕು ಪುಟ. ಪ್ರತಿ ಹೋಟೆಲಿಗೂ ಯೋಗ್ಯತೆ ನೋಡಿ ಒಂದರಿಂದ ಐದು ಚಮಚದವರೆಗೆ ಅಂಕ. ಮನೆಗೆ ತಂದವನೇ ಕಂದು ಕಾಗದದ ರಟ್ಟು ಹಾಕಿ ಲೇಬಲ್ ಅಂಟಿಸಿದೆ. ಹೆಸರು: ದೇವರಾಜು, ಬಿ.ಕಾಂ. ವಿಷಯ: ಊಟ.

ನಮ್ಮ ವಂಶದಲ್ಲಿ ಡಿಗ್ರಿ ದಾಟಿದ ಮೊದಲಿಗ ನಾನು. ಕೆಲಸ, ರಾಮನಾಥಪುರದ ಒಂದು ಖಾಸಗಿ ಕಂಪನಿಗೆ ಹೊಗೆಸೊಪ್ಪಿನ ಗ್ರೇಡ್ ಹಾಕುವುದು. ಬೆಳೆಗಾರರ ಸಂಘದವರು ಹರಾರೆಯ ಹೊಗೆಸೊಪ್ಪಿನ ಹರಾಜು ನೋಡಿಬರಲು ನಾಲ್ವರು ಸದಸ್ಯರನ್ನು ಚೀಟಿ ಎತ್ತಿ ಆರಿಸಿದ್ದರು. ನಮ್ಮನೆಯಿಂದ ಬಂದ ಹೆಸರು ನನ್ನದಲ್ಲ, ನನ್ನ ಹೆಂಡತಿ ರೂಪಶ್ರೀಯದು! ಸೊಪ್ಪು ಬೇಯಿಸುವ ಬ್ಯಾರನ್ನಿನ ಲೈಸೆನ್ಸ್ ಅವಳ ಹೆಸರಿನಲ್ಲಿತ್ತು. ನಾನು ಸ್ವಂತ ಖರ್ಚಿನ ಬಾಲಂಗೋಚಿ. ಪುಸ್ತಕ ತರಿಸಿದ್ದು ಅದಕ್ಕೇ.

ಹೊರಡುವ ದಿನ ಅವಳು ಡಬ್ಬಿಯೊಂದನ್ನು ತಂದಿಟ್ಟಳು. "ಅತ್ತೆಮ್ಮ ರಾಗಿ ಹುರಿಹಿಟ್ಟು ಮಾಡ್ಕೊಟ್ಟವ್ರೆ. ತಗೊಂಡೋಗಾಣ ಕಣ್ರೀ."

"ಬ್ಯಾಡ! ಪರದೇಶದಲ್ಲಿ ಬುತ್ತಿ ಬಿಚ್ಚೋ ಗಿರಾಕಿ ಅಲ್ಲ ನಾನು. ಪುಸ್ತಕ ಐತೆ."

"ಪುಸ್ತಕಾನ ಕಲಸ್ಕೊಂಡು ತಿನ್ನಕಾಯ್ತದಾ?"

ನನ್ನ ಬಿ.ಕಾಂ. ಕೆರಳಿತು. "ನೋಡ್ತಿರು! ಈ ಪುಸ್ತಕ ಹಿಡ್ಕೊಂಡು ನಿಂಗೆ ಹೊಟ್ಟೆ ಬಿರಿಯಂಗೆ ಊಟ ಹಾಕಿಸ್ದೇ ಹೋದ್ರೆ, ವಾಪಸ್ ಬಂದ್ಮೇಲೆ ಸಂಘದ ಸಭೇಲಿ ಭಾಷಣ ನೀನೇ ಮಾಡು!"

ಸಣ್ಣ ಪಣವಲ್ಲ ಅದು! ಹೋಗಿಬಂದವರು ಸಂಘದ ಸಭೆಯಲ್ಲಿ ಕಂಡದ್ದನ್ನು ಹೇಳಬೇಕಿತ್ತು. ಅವಳ ಪರವಾಗಿ ನಾನೇ ಓದುವುದೆಂದು ಆ ಭಾಷಣವನ್ನು ಆಗಲೇ ಬರೆದಿಟ್ಟಿದ್ದೆ. ಹದಿನೆಂಟು ಪುಟ. ನನ್ನ ಜೀವಮಾನದ ಮೊದಲ ಮೈಕು. ಡಬ್ಬಿ ಮನೆಯಲ್ಲೇ ಉಳಿಯಿತು.

ಹರಾರೆಯಲ್ಲಿ ಮೂರು ದಿನ ಹರಾಜು ಮಂದಿರದವರು ಕೊಟ್ಟ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಸಂಜೆ ಪುಸ್ತಕ ಹಿಡಿದು ಹುಡುಕಿದರೆ, ನಾಲ್ಕು ಚಮಚದ ಹೋಟೆಲು ಚಪ್ಪಲಿ ಅಂಗಡಿಯಾಗಿತ್ತು. ಮೂರು ಚಮಚದ್ದು ರಿಪೇರಿಗೆ ಮುಚ್ಚಿತ್ತು. ರೂಪಶ್ರೀ ರಾತ್ರಿ ಮಲಗುವ ಮುಂಚೆ ಹುರಿಹಿಟ್ಟಿನ ಡಬ್ಬಿಯ ಹೆಸರೆತ್ತುತ್ತಿದ್ದಳು. ಅದು ಹಸಿವಿಗಿಂತ ಭಯಂಕರ!

ನಾಲ್ಕನೇ ದಿನ ಕೊನೆಯದು. ಮಧ್ಯಾಹ್ನ ಮೂರಕ್ಕೆ ವಿಮಾನ ನಿಲ್ದಾಣದ ವ್ಯಾನು. ಒಂದು ಗಂಟೆಗೆ ಎಂಬತ್ತೇಳನೇ ಪುಟದ ಐದು ಚಮಚದ ಹೋಟೆಲಿಗೆ ನುಗ್ಗಿದೆವು. ಬಿಳಿ ಮೇಜುಬಟ್ಟೆ, ತಲೆಗೆ ಮೂರು ಫೋರ್ಕು. ತೆಂಡಾಯಿ ಎಂಬ ಮುದುಕ ವೇಟರ್ ಸೂಪು ತಂದಿಟ್ಟ.

ಇಲ್ಲಿ ನನ್ನ ಕೈಯ ವಿಚಾರ ಹೇಳಬೇಕು. ಹದಿನೈದು ವರ್ಷದಿಂದ ಅದು ಮಾಡಿದ್ದು ಒಂದೇ ಕೆಲಸ. ಬೇಲಿನಿಂದ, ಅಂದರೆ ಸೊಪ್ಪಿನ ಮೂಟೆಯಿಂದ, ಒಂದು ಎಲೆ ಎಳೆ, ಬೆರಳಲ್ಲಿ ಉಜ್ಜು, ಮೂಸು, ಬೆಳಕಿಗೆ ಹಿಡಿ, ಚೀಟಿಯಲ್ಲಿ ಬ್ರೈಟ್, ಮೀಡಿಯಂ, ಲೋ ಎಂದು ಗ್ರೇಡ್ ಬರೆದು ಸಿಕ್ಕಿಸು. ಸರಕು ತೀರಾ ಕೆಟ್ಟದಿದ್ದರೆ 'ನೋ ಬಿಡ್' ಎಂದು ಬರೆ, ಬೇಲು ವಾಪಸ್. ಸಾಲದ್ದಕ್ಕೆ, ಓದುಗರು ಪ್ರತಿ ತಿನಿಸಿನ ಬಗ್ಗೆಯೂ ಅಭಿಪ್ರಾಯ ಬರೆದಿಡಬೇಕೆಂದು ಪುಸ್ತಕದ ಒಂಬತ್ತನೇ ಪುಟದಲ್ಲಿ ಸಲಹೆ ಬೇರೆ ಇತ್ತು. ನಾನು ಚೀಟಿ ಕತ್ತರಿಸಿಕೊಂಡೇ ಬಂದಿದ್ದೆ.

ಸೂಪಿಗೆ ಬೆರಳದ್ದಿ ಉಜ್ಜಿದೆ. ಮೂಸಿದೆ. 'ಮೀಡಿಯಂ' ಎಂದು ಬರೆದು ಬಟ್ಟಲಿಗೆ ಒರಗಿಸಿದೆ. ತೆಂಡಾಯಿ ಚೀಟಿ ಓದಿದ, ರಟ್ಟು ಹಾಕಿದ ಪುಸ್ತಕ ನೋಡಿದ, ಗಂಭೀರವಾಗಿ ಎರಡೂ ಬಟ್ಟಲು ಎತ್ತಿಕೊಂಡು ಹೋದ.

"ರೀ! ನಾನಿನ್ನೂ ಚಮಚಾನೇ ಮುಟ್ಟಿಲ್ಲ!"

"ಸುಮ್ಕಿರು. ಬ್ರೈಟ್ ಸರಕು ತತ್ತಾರೆ."

ಕೋಳಿ ಬಂತು. ಒತ್ತಿ ನೋಡಿದೆ: ತೇವಾಂಶ ಜಾಸ್ತಿ. ಪಕ್ಕದ ಸೊಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದೆ: ಬಣ್ಣ ತಿರುಗಿಲ್ಲ. ನೋ ಬಿಡ್! ಎರಡೂ ತಟ್ಟೆ ಮಾಯ. ಮೀನು ಬಂತು, ಹೋಯಿತು. ಅಡುಗೆಯವನು ಬಾಗಿಲಲ್ಲಿ ಇಣುಕಿದ. ಮ್ಯಾನೇಜರ್ ಟೈ ಬಿಗಿದುಕೊಂಡು ಬಂದು ನಮ್ಮ ಹೂದಾನಿಯನ್ನು ಎರಡಂಗುಲ ಸರಿಸಿ, ಕೈಕಟ್ಟಿ ನಿಂತ. ಚಮಚದ ಅಂಕ ಹಾಕುವ ಪರೀಕ್ಷಕ ನಾನೇ ಎಂದುಕೊಂಡಿರಬೇಕು. ಪಕ್ಕದ ಮೇಜಿನ ದಪ್ಪ ಸಾಹೇಬ ತನ್ನ ತಟ್ಟೆ ಹಿಡಿದು ಬಂದು, "ಸ್ವಾಮಿ, ಇದನ್ನೂ ಒಮ್ಮೆ ನೋಡಿಬಿಡಿ" ಎಂದ!

ಇನ್ನು ನಾನು ಕೂರುವುದುಂಟೇ? ಎದ್ದೆ. ಸಾಲು ಮೇಜುಗಳು ನನಗೆ ರಾಮನಾಥಪುರದ ಹರಾಜು ಕಟ್ಟೆಯಾಗಿ ಕಂಡವು. ಉಜ್ಜಿದೆ, ಮೂಸಿದೆ, ಸಿಕ್ಕಿಸಿದೆ, ಮುನ್ನಡೆದೆ. ಹಿಂದೆ ವೇಟರುಗಳ ದಂಡು ತಟ್ಟೆ ಎತ್ತುತ್ತಾ ಬಂತು. ಅರ್ಧ ಗಂಟೆಯಲ್ಲಿ ಇಡೀ ಹೋಟೆಲಿನ ಊಟ ಅಡುಗೆಮನೆಗೆ ವಾಪಸ್! ಹಸಿದ ಇಪ್ಪತ್ತು ಜನ ನನ್ನನ್ನು ಭಕ್ತಿಯಿಂದ ನೋಡುತ್ತಿದ್ದರು.

ದಿಗ್ವಿಜಯ ಮುಗಿಸಿ ತಿರುಗಿದರೆ ರೂಪಶ್ರೀಯ ಕುರ್ಚಿ ಖಾಲಿ.

ಗಂಟೆ ಎರಡೂ ಮುಕ್ಕಾಲು. ಹೊರಗೆ ಓಡಿದೆ, ಒಳಗೆ ಓಡಿದೆ, ಅಡುಗೆಮನೆ ದಾಟಿ ಹಿತ್ತಿಲ ಬಾಗಿಲು ತಳ್ಳಿದೆ. ಮರದಡಿ, ಮಗುಚಿ ಹಾಕಿದ ಡಬ್ಬದ ಮೇಲೆ ನನ್ನ ಹೆಂಡತಿ! ಸುತ್ತ ಅಡುಗೆಯವರು, ಅವರ ಜೊತೆ ತೆಂಡಾಯಿ, ನಡುವೆ ದೊಡ್ಡ ಪಾತ್ರೆ. ಎಲ್ಲರೂ ಬೆಳ್ಳನೆಯ ಮುದ್ದೆ ಮುರಿದು, ಕೈಯಲ್ಲಿ ಉಂಡೆ ಕಟ್ಟಿ, ಸೊಪ್ಪಿನ ಸಾರಿಗೆ ಅದ್ದಿ ಗುಳುಂ ಮಾಡುತ್ತಿದ್ದರು.

"ಬನ್ರೀ! ಮುಸುಕಿನ ಜೋಳದ ಮುದ್ದೆ! ಸಾಡ್ಜಾ ಅಂತಾರೆ ಇವ್ರು. ನಮ್ಮ ಬಸ್ಸಾರಿಗೆ ಒಂಚೂರು ಕಡ್ಲೆಕಾಯಿ ಅರ್ದು ಆಕ್ದಂಗೈತೆ!"

"ನೀನಿಲ್ಲಿಗೆ ಎಂಗ್ ಬಂದೆ?"

"ತಟ್ಟೆಗಳು ಎಲ್ಲಿಗೋಯ್ತವೆ ಅಂತ ಇಂದಿಂದೇ ಬಂದೆ. ಒಟ್ಟೆ ಮುಟ್ಟಿ ತೋರಿಸ್ದೆ. ಜಾಗ ಮಾಡ್ಕೊಟ್ರು."

ಪಾತ್ರೆಯಲ್ಲಿ ಕೊನೆಯ ತುತ್ತಿತ್ತು. ಬಾಯಲ್ಲಿ ನೀರೂರಿ ಕೈ ಹಾಕಿದೆ. ಆದರೆ ಆ ಪಾಪಿ ಕೈ ಅದನ್ನು ಉಜ್ಜಿ, ಮೂಸಿ, ಬೆಳಕಿಗೆತ್ತಿ ಹಿಡಿಯಿತು! ತೆಂಡಾಯಿ ನನ್ನ ಮಣಿಕಟ್ಟು ಹಿಡಿದ.

"ಸ್ವಾಮಿ, ಇದೇ ಊರಿನ ಹರಾಜು ಕಟ್ಟೆಯಲ್ಲಿ ಮೂವತ್ತು ವರ್ಷ ನಾನೂ ಸೊಪ್ಪು ಮೂಸಿದವನೇ. ಮೊದಲ ಬಟ್ಟಲಿಗೇ ನಿಮ್ಮನ್ನು ಗುರುತು ಹಿಡಿದೆ."

"ಮತ್ತೆ ಹೇಳಬಾರದಿತ್ತೇ?"

"ಗ್ರೇಡ್ ಹಾಕುವವನನ್ನು ಮಾತಾಡಿಸಬಾರದಲ್ಲ! ನಿಮ್ಮೂರಲ್ಲಿ ಆ ನಿಯಮ ಇಲ್ಲವೇ?"

ಹೊರಗೆ ವ್ಯಾನು ಹಾರನ್ ಹೊಡೆಯಿತು. ತುತ್ತು ಅವನ ತಟ್ಟೆಗೆ ಬಿತ್ತು.

ವಿಮಾನದಲ್ಲಿ ಹೊಟ್ಟೆ ಹಿಡಿದುಕೊಂಡೇ ವಾದ ಹೂಡಿದೆ. "ನಿನ್ನೊಟ್ಟೆ ತುಂಬ್ತಲ್ಲ? ಅದೇ ಹೋಟ್ಲು, ಎಂಬತ್ತೇಳನೇ ಪುಟ. ಅಂದ್ಮೇಲೆ ಗೆದ್ದೋನು ನಾನೇ!"

ರೂಪಶ್ರೀ ತೇಗಿದಳು. "ಆ ಪುಟದಾಗೆ ಇತ್ತಿಲ್ ಬಾಗ್ಲು ಎಲ್ಲೈತೆ, ತೋರ್ಸಿ."

ಮುಂಬಯಿ ಬರುವವರೆಗೂ ಹುಡುಕಿದೆ. ಇರಲಿಲ್ಲ.

ಸಂಘದ ಸಭೆಯಲ್ಲಿ ಅವಳು ಹತ್ತು ನಿಮಿಷ ಮಾತಾಡಿದಳು. ಒಂದು ಚೀಟಿಯನ್ನೂ ನೋಡಲಿಲ್ಲ. ನನ್ನ ಕಥೆ ಬಂದಾಗ ಅಧ್ಯಕ್ಷರಾದ ಕೃಷ್ಣಪ್ಪನವರು ನಕ್ಕೂ ನಕ್ಕೂ ಕೆಮ್ಮಿದರು, ನೀರು ಕುಡಿಸಬೇಕಾಯಿತು. ಮುಂದಿನ ಚುನಾವಣೆಯಲ್ಲಿ ಅವಳನ್ನೇ ನಿಲ್ಲಿಸಿದರು.

ಈಗ ರೂಪಶ್ರೀ ಸಂಘದ ನಿರ್ದೇಶಕಿ. ಸಭೆ ಇರುವ ದಿನ ಮನೆಯಲ್ಲಿ ಮುದ್ದೆ ತಿರುವುವುದು ನಾನು. ಗ್ರೇಡ್ ಹಾಕುವುದು ಅವಳು.